ಬಿಡುವಿಲ್ಲದವರ ವಾಯುಸೇವನೆ

ವಯಸ್ಕ ಮನುಷ್ಯ ಸುಮ್ಮನೆ ಕುಳಿತಿರುವಾಗ ನಿಮಿಷಕ್ಕೆ 12ರಿಂದ 18 ಸಲ ಉಸಿರಾಡುತ್ತಾನೆ. ಒಂದೊಂದು ಸಲಕ್ಕೂ ಅರ್ಧ ಲೀಟರಿನಷ್ಟು ಗಾಳಿ ಒಳಗೆ ಹೋಗುತ್ತದೆ. ದಿನದ ಲೆಕ್ಕ ಹಾಕಿದರೆ ಹತ್ತು ಸಾವಿರ ಲೀಟರಿನ ಆಸುಪಾಸು. ಅರ್ಧ ಲೀಟರು ಹಾಲಿನ ಪ್ಯಾಕೆಟ್ಟನ್ನು ತಿರುವಿಹಾಕಿ ತಾರೀಕು ನೋಡುವ ಗೃಹಸ್ಥ ಈ ಹತ್ತು ಸಾವಿರ ಲೀಟರು ಎಲ್ಲಿಂದ ಬಂತು, ತನಗಿಂತ ಮೊದಲು ಅದನ್ನು ಯಾರು ಯಾರು ಬಳಸಿದ್ದರು ಎಂದು ಕೇಳುವುದಿಲ್ಲ. ಪುಕ್ಕಟೆ ಸಿಗುವ ಮಾಲಿನ ಪೂರ್ವಾಪರ ವಿಚಾರಿಸುವ ಪದ್ಧತಿ ಲೋಕದಲ್ಲಿ ಇಲ್ಲ.

ಬಳಸಿದ ಗಾಳಿಗೂ ಬಳಸದ ಗಾಳಿಗೂ ಇರುವ ವ್ಯತ್ಯಾಸ ಸಣ್ಣದಲ್ಲ. ಒಳಗೆ ಹೋಗುವಾಗ ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟು, ಇಂಗಾಲದ ಡೈಆಕ್ಸೈಡ್ ಶೇ. 0.04ರಷ್ಟು ಇರುತ್ತದೆ. ಹೊರಗೆ ಬರುವಾಗ ಮೊದಲನೆಯದು ಶೇ. 16ಕ್ಕೆ ಇಳಿದು ಎರಡನೆಯದು ಶೇ. 4ಕ್ಕೆ ಏರಿರುತ್ತದೆ. ನೂರು ಪಟ್ಟು. ಬಾಗಿಲು ಹಾಕಿದ ಕೋಣೆಯಲ್ಲಿ ನಾಲ್ಕು ಜನ ಕುಳಿತು ಒಂದು ತಾಸು ಆಸ್ತಿ ಪಾಲಿನ ವಿಷಯ ಮಾತಾಡಿದರೆ, ಕೊನೆಗೆ ಅವರವರ ಪಾಲಿಗೆ ಖಚಿತವಾಗಿ ಬರುವುದು ಪರಸ್ಪರರ ಉಸಿರು ಮಾತ್ರ. ಮ್ಯೂನಿಕ್ ನಗರದ ಮ್ಯಾಕ್ಸ್ ಪೆಟೆನ್‌ಕೋಫರ್ ಎಂಬ ನೈರ್ಮಲ್ಯ ತಜ್ಞ 1858ರಲ್ಲೇ ಇದಕ್ಕೊಂದು ಅಳತೆ ಹಾಕಿಕೊಟ್ಟ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸಾವಿರ ಭಾಗ ದಾಟಿತೆಂದರೆ ಆ ಕೋಣೆಯ ಗಾಳಿ ಹಳಸಿತು ಎಂದು ಲೆಕ್ಕ. ಇಂದಿಗೂ ಕಟ್ಟಡ ಕಟ್ಟುವವರು ಈ ಅಂಕಿಯನ್ನು ಕೈಬಿಟ್ಟಿಲ್ಲ. ಇಬ್ಬರು ಮಲಗುವ ಸಣ್ಣ ಕೋಣೆಯಲ್ಲಿ ಕಿಟಕಿ ಬಾಗಿಲು ಭದ್ರವಾಗಿ ಹಾಕಿದ್ದರೆ ಬೆಳಗಿನ ಹೊತ್ತಿಗೆ ಅದು ಎರಡು ಸಾವಿರ ದಾಟುವುದು ಅಪರೂಪವೇನಲ್ಲ. ಎದ್ದ ಕೂಡಲೇ ತಲೆ ಭಾರವಾಗಿರುವುದಕ್ಕೆ ಗ್ರಹಗತಿ, ಕಚೇರಿಯ ಚಿಂತೆ, ರಾತ್ರಿಯ ಬಜ್ಜಿ ಇವುಗಳ ಜೊತೆಗೆ ಇದನ್ನೂ ಸೇರಿಸಿಕೊಳ್ಳಬಹುದು.

ಬಿಡುವಿಲ್ಲದ ಮನುಷ್ಯನ ದಿನಚರಿಯನ್ನು ಗಾಳಿಯ ದೃಷ್ಟಿಯಿಂದ ನೋಡಿದರೆ ಅದು ಪೆಟ್ಟಿಗೆಯಿಂದ ಪೆಟ್ಟಿಗೆಗೆ ನಡೆಯುವ ವರ್ಗಾವಣೆ. ಮಲಗುವ ಕೋಣೆ, ಲಿಫ್ಟು, ನೆಲಮಾಳಿಗೆಯ ಪಾರ್ಕಿಂಗು, ಗಾಜು ಏರಿಸಿದ ಕಾರು, ಇನ್ನೊಂದು ನೆಲಮಾಳಿಗೆ, ಇನ್ನೊಂದು ಲಿಫ್ಟು, ಗಾಜಿನ ಗೋಡೆಯ ಕಚೇರಿ. ಸಂಜೆ ಇದೇ ಪಟ್ಟಿ ಹಿಮ್ಮುಖವಾಗಿ. ಇಂಥವರಿಗೆ ಆಕಾಶ ಕಾಣುವುದು ಸಿಗ್ನಲ್ಲಿನಲ್ಲಿ, ಅದೂ ಕೆಂಪು ದೀಪದ ಹಿಂದೆ. ಇದೆಲ್ಲ ನಡೆಯುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿ, ಹವೆಯ ಹೆಸರಿನಿಂದಲೇ ಊರೂರಿನವರನ್ನು ಕರೆಸಿಕೊಂಡ ಬೆಂಗಳೂರಿನಲ್ಲಿ ಎಂಬುದೇ ಸೋಜಿಗ. ‘ನಮ್ಮ ಕಾಲದಲ್ಲಿ ಈ ಊರಿಗೆ ಫ್ಯಾನೇ ಬೇಕಿರಲಿಲ್ಲ’ ಎನ್ನದೆ ಇಲ್ಲಿ ಯಾವ ನಿವೃತ್ತರೂ ಕಾಫಿ ಮುಗಿಸುವುದಿಲ್ಲ. ಹಾಗೆ ಹೇಳುವಾಗ ಅವರ ತಲೆಯ ಮೇಲೆ ಫ್ಯಾನು ತಿರುಗುತ್ತಿರುತ್ತದೆ.

ವಾಯುಸೇವನೆಗೆ ಪ್ರತ್ಯೇಕ ಸಮಯ ಬೇಕೆಂಬುದು ಸಾಮಾನ್ಯ ನಂಬಿಕೆ. ಹೊಸ ವರ್ಷದ ಡೈರಿಯಲ್ಲಿ ‘ಬೆಳಿಗ್ಗೆ 5.30: ವಾಕಿಂಗ್’ ಎಂದು ಬರೆಯುವ ಕಾರ್ಯ ಈ ನಂಬಿಕೆಯ ಫಲ. ಆ ಸಾಲು ಸಂಕ್ರಾಂತಿಯ ಎಳ್ಳುಬೆಲ್ಲದವರೆಗೆ ಉಳಿದರೆ ಹೆಚ್ಚು. ನಿಜಕ್ಕೂ ಬೇಕಾಗಿರುವುದು ಹೊಸ ಸಮಯವಲ್ಲ. ಹೇಗೂ ನಡೆಯುವ ಕೆಲಸಗಳ ಬೆನ್ನಿಗೆ ಗಾಳಿಯನ್ನು ಕಟ್ಟಬೇಕು. ಅವು ಯಾವುವು, ಎಲ್ಲೆಲ್ಲಿ ಅಡ್ಡಿಗಳಿವೆ ಎಂಬುದನ್ನು ಬೆಳಗಿನಿಂದ ಕ್ರಮವಾಗಿ ನೋಡಬಹುದು.

ಮೊದಲನೆಯದು ಕಿಟಕಿ. ಗಾಳಿ ಒಳಗೆ ಬರಬೇಕಾದರೆ ಹೊರಗೆ ಹೋಗುವುದಕ್ಕೂ ದಾರಿ ಇರಬೇಕು. ಒಂದೇ ಕಿಟಕಿ ತೆರೆದು ‘ಗಾಳಿಯೇ ಬರೋಲ್ಲ’ ಎಂದು ಮನೆ ಮಾಲೀಕರನ್ನು ದೂರುವುದರಲ್ಲಿ ಅರ್ಥವಿಲ್ಲ. ಎದುರುಬದುರು ಎರಡು ಕಂಡಿಗಳು ತೆರೆದಿದ್ದರೆ ಹತ್ತು ನಿಮಿಷದಲ್ಲಿ ರಾತ್ರಿಯ ಗಾಳಿಯೆಲ್ಲ ಖಾಲಿಯಾಗುತ್ತದೆ. ಹಳೆಯ ಮನೆ ಕಟ್ಟಿದವರಿಗೆ ಈ ಸಂಗತಿ ಚೆನ್ನಾಗಿ ಗೊತ್ತಿತ್ತು. ತೊಟ್ಟಿ ಮನೆಯ ನಡುವಿನ ತೆರಪು, ಅಡುಗೆಮನೆಯ ಗವಾಕ್ಷಿ, ಸೂರಿನ ಕೆಳಗೆ ಹಗ್ಗ ಎಳೆದರೆ ತೆರೆದುಕೊಳ್ಳುತ್ತಿದ್ದ ವೆಂಟಿಲೇಟರು, ಎಲ್ಲವೂ ಬಿಸಿಗಾಳಿ ಮೇಲಕ್ಕೆ ಏರುತ್ತದೆ ಎಂಬ ಒಂದೇ ತತ್ವದ ಮೇಲೆ ನಿಂತಿದ್ದವು. ಆ ಹಗ್ಗ ಕಾಲಕ್ರಮದಲ್ಲಿ ತುಂಡಾಗಿ, ವೆಂಟಿಲೇಟರಿನಲ್ಲಿ ಗುಬ್ಬಿ ಸಂಸಾರ ಹೂಡಿ, ‘ಪಾಪ, ಇರಲಿ’ ಎಂದು ಅದು ಶಾಶ್ವತವಾಗಿ ತೆರೆದೇ ಇರುತ್ತಿತ್ತು. ಗುಬ್ಬಿಯ ಪುಣ್ಯದಿಂದ ಮನೆಯವರಿಗೂ ಗಾಳಿ ಸಿಗುತ್ತಿತ್ತು.

ಈಗಿನ ಅಪಾರ್ಟ್‌ಮೆಂಟುಗಳಲ್ಲಿ ಒಂದು ಕಿಟಕಿ ರಸ್ತೆಗೆ, ಒಂದು ಎದುರುಮನೆಯ ಕಿಟಕಿಗೆ, ಉಳಿದವು ಡಕ್ಟಿಗೆ ತೆರೆಯುತ್ತವೆ. ಡಕ್ಟಿನಿಂದ ಬರುವುದನ್ನು ಗಾಳಿ ಎನ್ನುವುದಕ್ಕಿಂತ ಸುದ್ದಿ ಎನ್ನುವುದೇ ಸರಿ. ಮೂರನೆಯ ಮಹಡಿಯ ಇಂಗಿನ ಒಗ್ಗರಣೆ, ಐದನೆಯ ಮಹಡಿಯ ಗಂಡಹೆಂಡಿರ ಮಾತು, ಎರಡನೆಯವರ ನೆಲ ಒರೆಸುವ ಫಿನಾಯಿಲು ಒಟ್ಟಿಗೇ ಬರುತ್ತವೆ. ರಸ್ತೆಯ ಕಿಟಕಿಗೆ ಬೇರೆ ಅಡ್ಡಿಗಳು. ಕಿಟಕಿಯ ಕಟ್ಟೆಯ ಮೇಲೆ ಮನಿಪ್ಲಾಂಟಿನ ಬಾಟಲಿ, ನಿಂತ ಗಡಿಯಾರ, ಯಾವುದೋ ಬೀಗದ ಕೈಗಳ ಗೊಂಚಲು, ಮಗುವಿನ ಕ್ರಾಫ್ಟ್ ಕೆಲಸ. ಇವನ್ನೆಲ್ಲ ಎತ್ತಿಡದೆ ರೆಕ್ಕೆ ತೆರೆಯುವಂತಿಲ್ಲ, ಎತ್ತಿಡುವುದಕ್ಕೆ ಜಾಗವಿಲ್ಲ. ಬಾಲ್ಕನಿಯ ಕಥೆಯೂ ಇಷ್ಟೆ. ಮನೆ ಕೊಳ್ಳುವಾಗ ‘ಇಲ್ಲಿ ಕೂತು ಬೆಳಿಗ್ಗೆ ಕಾಫಿ ಕುಡೀಬಹುದು’ ಎಂದು ದಂಪತಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡ ಜಾಗಕ್ಕೆ ಆರು ತಿಂಗಳಲ್ಲಿ ವಾಷಿಂಗ್ ಮಷೀನು, ಟೈರಿಗೆ ಗಾಳಿಯಿಲ್ಲದ ಸೈಕಲ್ಲು, ಖಾಲಿ ಟೀವಿ ಪೆಟ್ಟಿಗೆ ಬಂದು ಕೂರುತ್ತವೆ. ಶುದ್ಧ ಗಾಳಿ ಸೇವಿಸುವುದು ಅವೇ.

ಪರಿಹಾರ ಸರಳ. ಕಾಫಿ ಫಿಲ್ಟರಿಗೆ ಬಿಸಿನೀರು ಹೊಯ್ದು ಡಿಕಾಕ್ಷನ್ ಇಳಿಯುವುದಕ್ಕೆ ಹತ್ತು ಹದಿನೈದು ನಿಮಿಷ ಬೇಕು. ಈ ಅವಧಿಯಲ್ಲಿ ಮನೆಯವರು ಫಿಲ್ಟರಿನ ತಲೆ ಕುಟ್ಟುವುದನ್ನು ಬಿಟ್ಟರೆ ಬೇರೇನೂ ಮಾಡುವುದಿಲ್ಲ. ನೀರು ಹೊಯ್ದು ಕಿಟಕಿ ತೆರೆಯುವುದು, ಡಿಕಾಕ್ಷನ್ ಇಳಿದ ಮೇಲೆ ಬೇಕಾದರೆ ಮುಚ್ಚುವುದು. ಇದಕ್ಕಿಂತ ನಂಬಿಕಸ್ತ ಅಲಾರಂ ಕನ್ನಡದ ಮನೆಗಳಲ್ಲಿ ಇನ್ನೊಂದಿಲ್ಲ. ಇನ್‌ಸ್ಟಂಟ್ ಕಾಫಿ ಕುಡಿಯುವವರು ಬೇರೆ ಉಪಾಯ ಹುಡುಕಿಕೊಳ್ಳಬೇಕು.

ಕುಟುಂಬದ ಸದಸ್ಯರೆಲ್ಲ ಚರ್ಚೆಯಿಲ್ಲದೆ, ಒಮ್ಮತದಿಂದ, ಏಕಕಾಲಕ್ಕೆ ಎಲ್ಲ ಕಿಟಕಿಗಳನ್ನೂ ತೆರೆಯುವ ಸಂದರ್ಭ ಒಂದೇ: ಒಗ್ಗರಣೆಯ ಒಣಮೆಣಸಿನಕಾಯಿ ಕರಕಲಾದಾಗ. ಆ ಘಾಟಿಗೆ ಟೀವಿಯ ಮುಂದಿನವರೂ ಏಳುತ್ತಾರೆ. ಇದನ್ನು ಅಡುಗೆಯ ದೋಷವೆಂದು ಬಗೆಯದೆ ಗಾಳಿ ಬದಲಾಯಿಸುವ ಪದ್ಧತಿಯೆಂದು ಗೌರವಿಸುವುದು ಉತ್ತಮ.

ಕಿಟಕಿಗೆ ಸಂಜೆಯ ಹೊತ್ತಿಗೆ ಇನ್ನೊಂದು ಅಡ್ಡಿ, ಸೊಳ್ಳೆ. ಬೆಂಗಳೂರು, ಮಂಗಳೂರುಗಳಲ್ಲಿ ಸೂರ್ಯಾಸ್ತದ ಹೊತ್ತಿಗೆ ಮನೆಮನೆಯಲ್ಲೂ ಕಿಟಕಿ ಮುಚ್ಚುವ ಸದ್ದು ಕೇಳಿಸುವುದಕ್ಕೆ ಇದೇ ಕಾರಣ. ಮುಚ್ಚಿದ ಮೇಲೆ ಒಳಗೆ ಸಿಕ್ಕಿಹಾಕಿಕೊಂಡ ಸೊಳ್ಳೆಗಳಿಗಾಗಿ ಬತ್ತಿ ಹಚ್ಚುತ್ತಾರೆ. ಒಂದು ಸೊಳ್ಳೆಬತ್ತಿ ಉರಿದು ಮುಗಿಯುವಾಗ ಬಿಡುವ ಸೂಕ್ಷ್ಮ ಕಣಗಳ ಪ್ರಮಾಣ 75ರಿಂದ 137 ಸಿಗರೇಟಿನಷ್ಟು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡಿತು. ಮನೆಯಲ್ಲಿ ಯಾರಾದರೂ ಒಂದು ಸಿಗರೇಟು ಹಚ್ಚಿದರೆ ರಂಪ ಮಾಡುವ ಅಜ್ಜಿ ತಾವೇ ಕೈಯಾರೆ ಬತ್ತಿ ಹಚ್ಚಿ ಮೊಮ್ಮಗುವಿನ ಮಂಚದ ಕೆಳಗೆ ಇಡುತ್ತಾರೆ. ಕಿಟಕಿಗೆ ಜಾಲರಿ ಹೊಡೆಸುವುದು ಇದಕ್ಕೆ ಗೊತ್ತಿರುವ ಮದ್ದು. ಜಾಲರಿ ಗಾಳಿಯನ್ನು ಸ್ವಲ್ಪ ತಡೆಯುತ್ತದೆ, ಅದರಲ್ಲಿ ಧೂಳು ಕೂತರೆ ಪೂರ್ತಿ ತಡೆಯುತ್ತದೆ. ಹೊಡೆಸಿದ ಜಾಲರಿಯನ್ನು ತೊಳೆದವರ ಉದಾಹರಣೆಗಳು ಕಡಿಮೆ.

ಎರಡನೆಯದು ಬೆಳಗಿನ ನಡಿಗೆ, ಸಾಂಪ್ರದಾಯಿಕ ವಿಧಾನ. ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ 240 ಎಕರೆ ಇದೆ. 1870ರಲ್ಲಿ ಬಂದ ಕಬ್ಬನ್ ಪಾರ್ಕೂ ದೊಡ್ಡದೇ. ಇಷ್ಟು ಮರ, ಇಷ್ಟು ಗಾಳಿ, ಮುನ್ನೂರು ಕೋಟಿ ವರ್ಷ ಹಳೆಯದಾದ ಲಾಲ್‌ಬಾಗಿನ ಬಂಡೆ, ಎಲ್ಲದರ ನಡುವೆ ನಡೆಯುವವರ ಮಾತು ಸಕ್ಕರೆಯ ಮಟ್ಟ, ಸೈಟಿನ ರೇಟು, ಮಗನ ವೀಸಾ ಈ ಮೂರನ್ನು ಬಿಟ್ಟು ಕದಲುವುದಿಲ್ಲ. ನಗೆಕೂಟದವರು ಕೈ ಮೇಲೆತ್ತಿ ಕೃತಕವಾಗಿ ನಗುತ್ತಾರೆ. 1995ರಲ್ಲಿ ಮುಂಬಯಿಯ ಪಾರ್ಕೊಂದರಲ್ಲಿ ಶುರುವಾದ ಈ ಪದ್ಧತಿಯಲ್ಲಿ ನಗುವುದಕ್ಕಿಂತ ನಗುವುದಕ್ಕಾಗಿ ಎಳೆದುಕೊಳ್ಳುವ ಉಸಿರೇ ಲಾಭ. ಆಮೇಲೆ ಎಲ್ಲರೂ ಒಂದು ಗೇಟಿನಿಂದ ಹೊರಬಿದ್ದು, ಎದುರಿನ ಹೋಟೆಲಿನಲ್ಲಿ ಬೆಣ್ಣೆ ಹಾಕಿದ ದೋಸೆ ತಿನ್ನುತ್ತಾರೆ. ನಡೆದದ್ದಕ್ಕೂ ತಿಂದದ್ದಕ್ಕೂ ತಾಳೆ ಹಾಕುವುದು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ದರ್ಶಿನಿಯಲ್ಲಿ ಫುಟ್‌ಪಾತಿನ ಅಂಚಿಗೆ ನಿಂತು ತಿನ್ನುವುದರಿಂದ ತಿನ್ನುವಾಗಲೂ ಹೊರಗಿನ ಗಾಳಿ ಸಿಗುತ್ತದೆ ಎಂಬ ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ.

ಬೇಗ ಏಳಲಾರದವರಿಗೆ ಇಲ್ಲಿ ಒಂದು ಸಮಾಧಾನವಿದೆ. ಚಳಿಗಾಲದ ರಾತ್ರಿ ನೆಲ ತಣ್ಣಗಾದಾಗ ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ ಪಾತ್ರೆಯ ಮುಚ್ಚಳದ ಹಾಗೆ ಕೂತುಬಿಡುತ್ತದೆ. ವಾಹನದ ಹೊಗೆ, ಕಸ ಸುಟ್ಟ ಹೊಗೆ, ಧೂಳು ಎಲ್ಲ ಕೆಳಗೇ ಉಳಿಯುತ್ತವೆ. ಬಿಸಿಲು ಬಿದ್ದು ನೆಲ ಕಾದ ಮೇಲೆ ಗಾಳಿ ಮೇಲೆ ಕೆಳಗೆ ಬೆರೆತು ಹೊಗೆ ಚದುರುತ್ತದೆ. ಹೀಗಾಗಿ ಡಿಸೆಂಬರ್ ಜನವರಿಯಲ್ಲಿ ನಸುಕಿನ ಐದು ಗಂಟೆಯ ಗಾಳಿ ಅಮೃತ ಎನ್ನುವುದು ಊರ ನಡುವೆ ಇರುವವರಿಗೆ ಸುಳ್ಳಾಗಬಹುದು. ಹೊದ್ದು ಮಲಗಿದವರಿಗೆ ವಿಜ್ಞಾನ ಕೊಟ್ಟಿರುವ ಕೆಲವೇ ಬೆಂಬಲಗಳಲ್ಲಿ ಇದೂ ಒಂದು. ಅವರು ಬಿಸಿಲು ಬಂದ ಮೇಲಾದರೂ ಏಳುತ್ತಾರೆಯೇ ಎಂಬುದು ಬೇರೆ ಪ್ರಶ್ನೆ. ಅನುಮಾನವಿದ್ದವರು ಮೊಬೈಲಿನಲ್ಲಿ ವಾಯು ಗುಣಮಟ್ಟದ ಸೂಚ್ಯಂಕ ನೋಡಬಹುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಕಾರ 50ರವರೆಗೆ ಉತ್ತಮ, 100ರವರೆಗೆ ತೃಪ್ತಿಕರ, 200 ದಾಟಿದರೆ ಕಳಪೆ. ಸೂಚ್ಯಂಕಕ್ಕಿಂತ ಕೈಯಲ್ಲಿರುವ ಉಪಾಯ ದಾರಿ ಬದಲಿಸುವುದು. ದೊಡ್ಡ ರಸ್ತೆಯಿಂದ ನೂರಿನ್ನೂರು ಮೀಟರು ಒಳಗೆ ಸರಿದರೆ ಹೊಗೆ ಗಣನೀಯವಾಗಿ ಇಳಿಯುತ್ತದೆ. ಮಲ್ಲೇಶ್ವರ, ಜಯನಗರಗಳಂಥ ಬಡಾವಣೆಗಳಲ್ಲಿ ಮೈನ್ ಬಿಟ್ಟು ಕ್ರಾಸ್ ಹಿಡಿದರೆ ನಡೆಯುವ ದೂರ ಹೆಚ್ಚುಕಡಿಮೆ ಅಷ್ಟೇ, ಹೂವಿನ ಮರಗಳು ಹೆಚ್ಚು, ಪರಿಚಯದ ನಾಯಿಗಳೂ ಹೆಚ್ಚು.

ಗಾಳಿಯ ವಿಚಾರದಲ್ಲಿ ಕನ್ನಡ ನಾಡಿನ ನಿಜವಾದ ಹೋರಾಟಗಳು ನಡೆಯುವುದು ಬಸ್ಸಿನಲ್ಲಿ. ಕೆಂಪು ಬಸ್ಸಿನ ಕಿಟಕಿಯ ಗಾಜು ಅಡ್ಡಡ್ಡ ಜಾರುವಂಥದು. ಅದು ಒಂದು ಸೀಟಿನ ಅಳತೆಗೆ ಇರುವುದಿಲ್ಲ, ಹಿಂದು ಮುಂದಿನ ಎರಡು ಸೀಟುಗಳಿಗೆ ಹಂಚಿಕೆಯಾಗಿರುತ್ತದೆ. ಹಿಂದಿನವರು ತಮಗೆ ಗಾಳಿ ಬರಲೆಂದು ಗಾಜು ಮುಂದಕ್ಕೆ ತಳ್ಳಿದರೆ ಮುಂದಿನವರ ಕಿಟಕಿ ಮುಚ್ಚುತ್ತದೆ. ಮುಂದಿನವರು ನಿದ್ದೆಯಲ್ಲಿದ್ದಂತೆ ನಟಿಸುತ್ತಾ ಮೊಣಕೈಯಿಂದ ಅದನ್ನು ಹಿಂದಕ್ಕೆ ದೂಡುತ್ತಾರೆ. ಮಾತಿಲ್ಲ, ನೋಟವಿಲ್ಲ. ಹಾಸನದಿಂದ ಸಕಲೇಶಪುರದವರೆಗೂ ಗಾಜು ಹೀಗೆ ಹೋಗಿ ಬಂದು ಮಾಡುತ್ತದೆ. ಘಾಟಿಯ ತಿರುವಿನಲ್ಲಿ ಮುಂದಿನ ಸೀಟಿನ ಮಗುವಿಗೆ ವಾಂತಿಯಾಗುವ ಲಕ್ಷಣ ಕಂಡಾಗ ಮಾತ್ರ ಹಿಂದಿನವರು ಗಾಜನ್ನು ತಾವಾಗಿಯೇ ಹಿಂದಕ್ಕೆ ಎಳೆದುಕೊಂಡು ಭದ್ರಪಡಿಸಿಕೊಳ್ಳುತ್ತಾರೆ. ಚರಿತ್ರೆಯಲ್ಲಿ ಇಷ್ಟು ಬೇಗ ಮುಗಿದ ಗಡಿ ವಿವಾದ ಇನ್ನೊಂದು ಇರಲಾರದು.

ಮೂರನೆಯ ಪಕ್ಷವೊಂದಿದೆ: ಮಂಕಿ ಕ್ಯಾಪಿನವರು. ಇವರು ಪಕ್ಕದ ಸಾಲಿನಲ್ಲಿದ್ದರೂ ‘ಸ್ವಲ್ಪ ಕಿಟಕಿ ಹಾಕ್ತೀರಾ, ಶೀತ ಆಗುತ್ತೆ’ ಎನ್ನುತ್ತಾರೆ. ಶೀತ ತರುವುದು ವೈರಸ್ಸು, ಗಾಳಿಯಲ್ಲ. ಸೀನುವವರೊಬ್ಬರಿರುವ ಬಸ್ಸಿನಲ್ಲಿ ಕಿಟಕಿ ತೆರೆದಿದ್ದಷ್ಟೂ ಉಳಿದವರಿಗೆ ಕ್ಷೇಮ. ಈ ಮಾತನ್ನು ಮಂಕಿ ಕ್ಯಾಪಿನವರಿಗೆ ತಿಳಿಸುವುದು ಕಷ್ಟ, ಏಕೆಂದರೆ ಅವರ ಕಿವಿ ಮುಚ್ಚಿರುತ್ತದೆ.

ಕಾರಿನವರಿಗೆ ಇಂಥ ಸಂಕಷ್ಟವಿಲ್ಲ, ಒಂದು ಗುಂಡಿಯಿದೆ. ಕಾರಿನ ಚಿತ್ರದೊಳಗೆ ಬಾಗಿದ ಬಾಣವಿರುವ ಆ ಗುಂಡಿ ಒತ್ತಿದರೆ ಒಳಗಿನ ಗಾಳಿಯೇ ಮತ್ತೆ ಮತ್ತೆ ಸುತ್ತುತ್ತದೆ. ಲಾರಿಯ ಹಿಂದೆ ಸಿಕ್ಕಿಕೊಂಡಾಗ ಅದು ಉಪಕಾರಿ. ಆದರೆ ಷೋರೂಮಿನಲ್ಲಿ ಒತ್ತಿದ್ದನ್ನು ಕಾರು ಮಾರುವವರೆಗೂ ತೆಗೆಯದವರಿದ್ದಾರೆ. ನಾಲ್ಕು ಜನ ಕೂತ ಕಾರಿನಲ್ಲಿ ಅರ್ಧ ಗಂಟೆಗೆಲ್ಲ ಪೆಟೆನ್‌ಕೋಫರ್ ಹಾಕಿದ ಗೆರೆ ದಾಟಿ ಬಹಳ ಹೊತ್ತಾಗಿರುತ್ತದೆ. ಹಿಂದಿನ ಸೀಟಿನವರೆಲ್ಲ ಆಕಳಿಸುವುದಕ್ಕೆ ಚಾಲಕನ ಮಾತೊಂದೇ ಕಾರಣವಿರಲಾರದು.

ಕಚೇರಿಯ ಸಮಸ್ಯೆ ಆಳವಾದದ್ದು. ಏಸಿ ಹಾಕಿದರೆ ಹೊಸ ಗಾಳಿ ಬರುತ್ತದೆ ಎಂದು ಓದು ಬಲ್ಲವರೂ ತಿಳಿದಿದ್ದಾರೆ. ಗೋಡೆಗೆ ತೂಗುಹಾಕುವ ಸ್ಪ್ಲಿಟ್ ಏಸಿಯಲ್ಲಿ ಹೊರಗೊಂದು ಪೆಟ್ಟಿಗೆ, ಒಳಗೊಂದು ಪೆಟ್ಟಿಗೆ. ನಡುವಿನ ತಾಮ್ರದ ಕೊಳವೆಯಲ್ಲಿ ಓಡಾಡುವುದು ತಂಪು ಮಾಡುವ ಅನಿಲ, ಕೋಣೆಯ ಗಾಳಿಯಲ್ಲ. ಒಳಗಿನ ಪೆಟ್ಟಿಗೆ ಅದೇ ಗಾಳಿಯನ್ನು ಹೀರಿ, ತಣ್ಣಗೆ ಮಾಡಿ, ಅದೇ ಜನಕ್ಕೆ ಹಿಂದಿರುಗಿಸುತ್ತದೆ. ಮಧ್ಯಾಹ್ನ ಮೂರರ ಮೀಟಿಂಗಿನಲ್ಲಿ ಹನ್ನೆರಡು ಜನರಿಗೂ ಕಣ್ಣು ಎಳೆಯುವುದನ್ನು ಅನ್ನ ಸಾರಿನ ಮೇಲೆ ಹೊರಿಸುವುದು ವಾಡಿಕೆ. ಅನ್ನ ಸಾರಿನಷ್ಟೇ ಹೊಣೆ ಮುಚ್ಚಿದ ಬಾಗಿಲಿನದೂ ಹೌದು. 1948ರ ಕಾರ್ಖಾನೆಗಳ ಕಾಯ್ದೆಯ 13ನೆಯ ಕಲಮು ಪ್ರತಿ ಕೆಲಸದ ಕೋಣೆಯಲ್ಲೂ ತಾಜಾ ಗಾಳಿ ಸಾಕಷ್ಟು ಆಡಬೇಕೆಂದು ವಿಧಿಸಿತ್ತು. ಆದರೆ ಅದು ಯಂತ್ರದ ಮುಂದೆ ನಿಂತವರಿಗೆ. ಪವರ್‌ಪಾಯಿಂಟಿನ ಮುಂದೆ ಕುಳಿತವರು ಅದರೊಳಗೆ ಬರುತ್ತಿರಲಿಲ್ಲ.

ವಾಯುಪುತ್ರರೆಂದು ಪುರಾಣಗಳು ಹೇಳುವ ಇಬ್ಬರೂ ಹೊರಾಂಗಣದ ಕೆಲಸದವರು. ಹನುಮಂತ ಸಮುದ್ರ ಹಾರಿದ, ಭೀಮ ಸೌಗಂಧಿಕಾ ಪುಷ್ಪಕ್ಕಾಗಿ ಬೆಟ್ಟ ಕಾಡು ಅಲೆದ. ಭೀಮ ನಾಲ್ಕು ಗೋಡೆಯ ನಡುವೆ ಒಂದೇ ಕಡೆ ನೌಕರಿ ಮಾಡಿದ್ದು ವಿರಾಟನ ಅಡುಗೆಮನೆಯಲ್ಲಿ, ಒಂದು ವರ್ಷ. ಆ ವರ್ಷವನ್ನು ಶಿಕ್ಷೆಯ ಲೆಕ್ಕಕ್ಕೇ ಬರೆಯಲಾಗಿದೆ.

ಕಚೇರಿಗಳಲ್ಲಿ ನಿಯಮಿತವಾಗಿ ಹೊರಗಿನ ಗಾಳಿಗೆ ಬರುವ ವರ್ಗ ಒಂದೇ, ಸಿಗರೇಟು ಸೇದುವವರು. 2008ರ ಅಕ್ಟೋಬರ್ 2ರಿಂದ ಕಚೇರಿಯೊಳಗೆ ಧೂಮಪಾನ ನಿಷೇಧ ಬಿಗಿಯಾದ ಮೇಲೆ ಇವರು ದಿನಕ್ಕೆ ನಾಲ್ಕೈದು ಸಲ ಮೆಟ್ಟಿಲಿಳಿದು, ಮರದ ಕೆಳಗೆ ನಿಂತು, ಆಕಾಶ ನೋಡಿ ಬರುತ್ತಾರೆ. ಹೊರಗಿನ ಗಾಳಿಯನ್ನು ಅವರು ಏನು ಮಾಡುತ್ತಾರೆ ಎಂಬುದನ್ನು ಬದಿಗಿಟ್ಟರೆ ವ್ಯವಸ್ಥೆ ಅನುಕರಣೀಯ. ಅವರನ್ನು ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಸೇದದವನೊಬ್ಬ ಸುಮ್ಮನೆ ಹೊರಗೆ ಹೋಗಿ ಐದು ನಿಮಿಷ ನಿಂತರೆ ‘ಏನಾಯ್ತು, ಹುಷಾರಿಲ್ವಾ?’ ಎಂದು ಮೂವರು ಬಂದು ಕೇಳುತ್ತಾರೆ. ನಾಲ್ಕನೆಯವರು ಕೆಲಸ ಬಿಡುತ್ತಿದ್ದಾನೆಂದು ಸುದ್ದಿ ಹಬ್ಬಿಸುತ್ತಾರೆ. ಆದ್ದರಿಂದ ಹೊರಗೆ ಹೋಗುವಾಗ ಫೋನು ಕಿವಿಗೆ ಹಿಡಿಯುವುದು ಅವಶ್ಯ. ಕಿವಿಗೆ ಫೋನು ಹಿಡಿದು ಅತ್ತಿಂದಿತ್ತ ನಡೆಯುವವರು ಕೆಲಸದಲ್ಲಿದ್ದಾರೆಂದು ಇಡೀ ಜಗತ್ತು ಒಪ್ಪಿದೆ. ನಿಜವಾದ ಕರೆಗಳನ್ನೇ ಹೀಗೆ ಹೊರಗೆ ನಿಂತು ಮುಗಿಸಿದರೆ ದಿನಕ್ಕೆ ಅರ್ಧ ಗಂಟೆ ಗಾಳಿ ಲೆಕ್ಕವಿಲ್ಲದೆ ಜಮೆಯಾಗುತ್ತದೆ. ಚಹಾ ಯಂತ್ರದ ಬದಲು ಬೀದಿ ತುದಿಯ ಗಾಡಿಗೆ ಹೋಗಿ ಬೈಟು ಕುಡಿಯುವುದರಿಂದ ಇನ್ನೊಂದಿಷ್ಟು. ಚಹಾದ ರುಚಿ ಬಗ್ಗೆ ಹೇಳಬೇಕಾಗಿಯೇ ಇಲ್ಲ.

ಹೊರಗೆ ಹೋಗಲಾಗದವರು ಮೇಜಿನ ಮೇಲೊಂದು ಗಿಡ ಇಡುತ್ತಾರೆ. ಕುಂಡದ ಗಿಡಗಳು ಗಾಳಿ ಶುದ್ಧಿ ಮಾಡುತ್ತವೆಂಬ ಮಾತಿಗೆ 1989ರ ನಾಸಾ ಪ್ರಯೋಗ ಮೂಲ. ಆ ಪ್ರಯೋಗ ನಡೆದದ್ದು ಸಣ್ಣ, ಮುಚ್ಚಿದ ಪೆಟ್ಟಿಗೆಗಳಲ್ಲಿ. ಅಂಥ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ 2019ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ, ಕಟ್ಟಡದ ಸಹಜ ಗಾಳಿಯಾಟದಷ್ಟು ಕೆಲಸ ಗಿಡಗಳಿಂದ ಆಗಬೇಕಾದರೆ ಒಂದು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕು. ಅಷ್ಟಿದ್ದರೆ ನೌಕರರನ್ನು ಹುಡುಕುವುದಕ್ಕೆ ಅರಣ್ಯ ಇಲಾಖೆಯವರನ್ನು ಕರೆಸಬೇಕಾದೀತು. ಮೇಜಿನ ಗಿಡದ ಉಪಯೋಗ ಒಂದೇ: ನೀರು ಹಾಕುವ ನೆಪದಲ್ಲಿ ಏಳಬಹುದು.

ಸಂಜೆಗೆ ಉಳಿಯುವುದು ತರಕಾರಿ, ಮಕ್ಕಳು ಮತ್ತು ತಾರಸಿ. ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಕೊತ್ತಂಬರಿ ಸೊಪ್ಪು ತರಿಸುವುದರಿಂದ ಉಳಿದ ಸಮಯವನ್ನು ಜನ ಹೆಚ್ಚಾಗಿ ಕೊತ್ತಂಬರಿ ಸೊಪ್ಪು ತರಲು ಹೋದವರ ವೀಡಿಯೋ ನೋಡುವುದಕ್ಕೆ ಬಳಸುತ್ತಾರೆ. ನಡೆದು ಹೋಗಿ ತಂದರೆ ಚೌಕಾಸಿಯಲ್ಲಿ ಉಸಿರೂ ಚೆನ್ನಾಗಿ ಆಡುತ್ತದೆ. ಶಾಲೆಯ ಗೇಟು, ಟ್ಯೂಷನ್ನಿನ ಗೇಟು, ಭರತನಾಟ್ಯದ ಗೇಟು ಇಲ್ಲೆಲ್ಲ ಕಾಯುವವರು ಸ್ಕೂಟರಿನ ಮೇಲೆ ಕೂತು ಮೊಬೈಲು ನೋಡುವ ಬದಲು ಆ ಬೀದಿಯನ್ನೇ ಎರಡು ಸುತ್ತು ಹಾಕಬಹುದು. ಪಕ್ಕದ ಬೀದಿಯಲ್ಲಿ ಬಾಡಿಗೆಗೆ ಮನೆ ಖಾಲಿಯಿದೆಯೇ ಎಂಬುದೂ ತಿಳಿಯುತ್ತದೆ.

ತಾರಸಿ ಎಲ್ಲಕ್ಕಿಂತ ಉತ್ತಮ. ಅಲ್ಲಿ ಗಾಳಿ ಬೀಸುವುದು ಕೆಳಗಿನ ಮಹಡಿಗಳಿಗಿಂತ ಜೋರು, ರಸ್ತೆಯ ಹೊಗೆ ಕಡಿಮೆ, ಕಟ್ಟಡದ ಎಲ್ಲರಿಗೂ ಸಮಾನ ಹಕ್ಕು. ಹಿಂದೆ ಸಂಡಿಗೆ ಹಾಕುವುದಕ್ಕೆ, ಕಾಗೆ ಓಡಿಸುವುದಕ್ಕೆ, ಪರೀಕ್ಷೆಗೆ ಓದುವುದಕ್ಕೆ ಮನೆಮಂದಿ ದಿನವೂ ಹತ್ತುತ್ತಿದ್ದರು. ಈಗ ನೀರಿನ ಟ್ಯಾಂಕು ತುಂಬಿ ಸುರಿದಾಗ ವಾಚ್‌ಮನ್ ಒಬ್ಬನೇ ಹತ್ತುತ್ತಾನೆ, ಆತನ ಆರೋಗ್ಯ ಚೆನ್ನಾಗಿದೆ. ರಾತ್ರಿ ಊಟವಾದ ಮೇಲೆ ಇಡೀ ಕುಟುಂಬ ಕಾಲು ಗಂಟೆ ಅಲ್ಲಿ ಓಡಾಡುವುದಕ್ಕೆ ಇರುವ ಅಡ್ಡಿ ಬಾಗಿಲಿನ ಬೀಗ ಮಾತ್ರ. ಬೀಗದ ಕೈ ಸಾಮಾನ್ಯವಾಗಿ ಸಂಘದ ಕಾರ್ಯದರ್ಶಿಗಳ ಮನೆಯಲ್ಲಿ, ಷೂ ಸ್ಟ್ಯಾಂಡಿನ ಮೇಲಿನ ಮೊಳೆಗೆ ತೂಗುಹಾಕಿರುತ್ತದೆ. ಕೇಳಿದರೆ ಕೊಡುತ್ತಾರೆ, ಒಂಬತ್ತೂವರೆಯೊಳಗೆ ಕೇಳಬೇಕು.